ಕಂಬಿ ಕಿತ್ತ ಮೇಲೆ ಉಳಿದ ದಾರಿ

ಕನ್ನಡದಲ್ಲಿ ದಾರಿಯನ್ನು ಕುರಿತ ಶಬ್ದಗಳಿಗೆ ಬಡತನವಿಲ್ಲ. ಹಾದಿ, ಬೀದಿ, ಓಣಿ, ಜಾಡು, ಕಾಲುದಾರಿ, ಬಂಡಿಜಾಡು, ಹೆದ್ದಾರಿ ಎಂಬಿವು ಇಂದಿಗೂ ಬಳಕೆಯಲ್ಲಿರುವವು. ಹಳಗನ್ನಡದ ಕವಿಗಳು ಇದೇ ಅರ್ಥದಲ್ಲಿ 'ಬಟ್ಟೆ' ಎಂಬ ಶಬ್ದವನ್ನು ಬಹಳವಾಗಿ ಬಳಸಿದ್ದಾರೆ; ಬಟ್ಟೆವಿಡಿದು ನಡೆವವನು ಬಟ್ಟೆಗ. ಸೂಕ್ಷ್ಮವಾಗಿ ನೋಡಿದರೆ ಈ ಶಬ್ದಗಳಲ್ಲಿ ಬಹುಪಾಲು ಆ ದಾರಿಯಲ್ಲಿ ಯಾರು ಹೋಗುತ್ತಾರೆ, ಯಾವುದನ್ನು ಏರಿ ಹೋಗುತ್ತಾರೆ ಎಂಬುದನ್ನು ತಮ್ಮೊಳಗೇ ಇಟ್ಟುಕೊಂಡಿರುವುದು ಕಾಣುತ್ತದೆ. ಈಚಿನ ಕೆಲವು ದಶಕಗಳಲ್ಲಿ ಯೂರೋಪು ಖಂಡದ ಹಲವು ದೇಶಗಳಲ್ಲಿ ಮತ್ತೊಂದು ಬಗೆಯ ದಾರಿ ರೂಢಿಗೆ ಬಂದಿದೆ. ಅದು ಕಾಲುದಾರಿಯೂ ಅಲ್ಲ, ಹೆದ್ದಾರಿಯೂ ಅಲ್ಲ. ಅದರಲ್ಲಿ ಮೋಟಾರು ವಾಹನಗಳ ಸಂಚಾರವಿಲ್ಲ. ಡಾಂಬರಿನ ಲೇಪವೂ ಬಹುಮಟ್ಟಿಗೆ ಇಲ್ಲ. ನುಣ್ಣನೆಯ ಜಲ್ಲಿ ಹಾಗೂ ಗರಸನ್ನು ಹಾಸಿ ಅದುಮಿದ ಆ ದಾರಿಯಲ್ಲಿ ಸೈಕಲ್ಲು ತುಳಿಯುವವರು ಮತ್ತು ನಡೆಯುವವರು ಬೆಟ್ಟ, ಕಾಡು, ಹಳೆಯ ಹಳ್ಳಿಗಳ ನಡುವೆ ನಿರ್ಭಯವಾಗಿ ಸಾಗುತ್ತಾರೆ. ಇದಕ್ಕೆ ನಮ್ಮಲ್ಲಿ ಇನ್ನೂ ಹೆಸರಿಲ್ಲವಾದುದರಿಂದ ಈ ಲೇಖನದ ಮಟ್ಟಿಗೆ 'ಗರಸುದಾರಿ' ಎಂದು ಕರೆಯುತ್ತೇನೆ. ಇಂತಹ ದಾರಿಗಳಲ್ಲಿ ಪ್ರಸಿದ್ಧವಾದ ಪರೆಂತ್ಸಾನಾ ಎಂಬುದರ ವೃತ್ತಾಂತವನ್ನು ವಾಚಕರ ಮುಂದಿಡುವುದು ಇಲ್ಲಿನ ಉದ್ದೇಶ.

ಆಡ್ರಿಯಾಟಿಕ್ ಸಮುದ್ರದ ಉತ್ತರದ ತುದಿಯಲ್ಲಿ, ಇಟಲಿಯ ವೆನಿಸ್ ನಗರಕ್ಕೆ ಎದುರಾಗಿ, ನೀರಿನೊಳಕ್ಕೆ ಚಾಚಿಕೊಂಡಿರುವ ತ್ರಿಕೋನಾಕಾರದ ಪರ್ಯಾಯದ್ವೀಪವೊಂದಿದೆ. ಅದರ ಹೆಸರು ಇಸ್ತ್ರಿಯಾ. ಹೆಸರನ್ನು ಕೇಳಿದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಅಂಗಿಯ ಸುಕ್ಕು ತೆಗೆಯುವ ಉಪಕರಣ ನೆನಪಾದರೆ ತಪ್ಪೇನಿಲ್ಲ. ಶಬ್ದಗಳಿಗೆ ನಂಟಿಲ್ಲದಿದ್ದರೂ ಈ ಪ್ರಸಂಗದಲ್ಲಿ ಅದು ಹೊಂದಿಕೊಳ್ಳುತ್ತದೆ. ಪರೆಂತ್ಸಾನಾ ಎಂಬುದು ಇಸ್ತ್ರಿಯಾ ನಾಡಿನ ಉಬ್ಬುತಗ್ಗುಗಳನ್ನು ಒತ್ತಿ ಸಮಗೊಳಿಸಿದ ಒಂದು ಬಟ್ಟೆ, ಹಳಗನ್ನಡದ ಅರ್ಥದಲ್ಲಿ. ಆ ಕಡಲಂಚಿನಲ್ಲಿ ನೆಲ ಕೆಂಪು. ಒಳನಾಡಿಗೆ ಸರಿದಂತೆ ಜೇಡಿ ಮತ್ತು ಮರಳುಗಲ್ಲುಗಳ ಪದರಗಳು ಕೂಡಿದ ಬೂದುಬಣ್ಣದ ಗುಡ್ಡಗಳು. ಗುಡ್ಡಗಳ ಇಳಿಜಾರಿನಲ್ಲಿ ಓಕ್ ಮರದ ಕಾಡು, ಆಲಿವ್ ತೋಪು, ದ್ರಾಕ್ಷಿಯ ತೋಟ. ನೆತ್ತಿಯ ಮೇಲೆ ಕಲ್ಲಿನ ಕೋಟೆಯೂರುಗಳು. ಈ ನೆಲದಲ್ಲಿ ನೇರವಾಗಿ ದಾರಿ ಹಾಕುವುದು ಯಾರಿಗೂ ಸಾಧ್ಯವಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ನಾಡು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು. ತ್ರಿಯೆಸ್ತೆ ಆ ಸಾಮ್ರಾಜ್ಯದ ದೊಡ್ಡ ಬಂದರು. ಒಳನಾಡಿನ ದ್ರಾಕ್ಷಾರಸ, ಆಲಿವ್ ಎಣ್ಣೆ, ಉಪ್ಪು, ಕಟ್ಟಡದ ಕಲ್ಲು ಇವುಗಳನ್ನು ಬಂದರಿಗೆ ತಲುಪಿಸುವುದಕ್ಕಾಗಿ ತ್ರಿಯೆಸ್ತೆಯಿಂದ ಪೊರೆಚ್ ಪಟ್ಟಣದವರೆಗೆ ಕಿರುಹಳಿಯ ರೈಲುಮಾರ್ಗವನ್ನು ಹಾಕಲಾಯಿತು. 1902ರ ಏಪ್ರಿಲ್ 1ರಂದು ಬುಯೆ ಎಂಬ ಊರಿನವರೆಗೆ, ಅದೇ ವರ್ಷ ಡಿಸೆಂಬರ್ 15ರಂದು ಪೊರೆಚ್‌ವರೆಗೆ ಬಂಡಿ ಓಡಿತು. ಪೊರೆಚ್ ಪಟ್ಟಣದ ಇಟಾಲಿಯನ್ ಹೆಸರು ಪರೆಂತ್ಸೊ. ಆದಕಾರಣ ಮಾರ್ಗಕ್ಕೆ ಪರೆಂತ್ಸಾನಾ ಎಂಬ ಹೆಸರು. ಎರಡು ಕಂಬಿಗಳ ನಡುವಣ ಅಂತರ 760 ಮಿಲಿಮೀಟರು. ಬಂಗಾರಪೇಟೆಯಿಂದ ಕೋಲಾರ, ಚಿಕ್ಕಬಳ್ಳಾಪುರಗಳ ಮೂಲಕ ಯಲಹಂಕದತ್ತ ಹಿಂದೆ ಓಡುತ್ತಿದ್ದ ನಮ್ಮ ಕಿರುಬಂಡಿಯ ಕಂಬಿಗಳ ಅಂತರ 762 ಮಿಲಿಮೀಟರು. ವ್ಯತ್ಯಾಸ ಎರಡೇ ಮಿಲಿಮೀಟರು! ಕೋಲಾರದ ಕಡೆಯ ಹಿರಿಯರಿಗೆ ಇಷ್ಟು ಹೇಳಿದರೆ ಪರೆಂತ್ಸಾನಾದ ಗಾತ್ರ, ಗತಿ, ಗಾಂಭೀರ್ಯ ಎಲ್ಲವೂ ಕಣ್ಣಿಗೆ ಕಟ್ಟೀತು. ನಮ್ಮ ಕಿರುಹಳಿಯನ್ನು ಕಾಲಕ್ರಮದಲ್ಲಿ ಅಗಲಗೊಳಿಸಿದರು, ಅವರದನ್ನು ಕಿತ್ತುಹಾಕಿದರು.

ತ್ರಿಯೆಸ್ತೆಯಿಂದ ಪೊರೆಚ್ ಹಕ್ಕಿ ಹಾರುವ ಲೆಕ್ಕದಲ್ಲಿ ಸುಮಾರು 50 ಕಿಲೋಮೀಟರು. ರೈಲುಮಾರ್ಗದ ಉದ್ದವಾದರೋ 123 ಕಿಲೋಮೀಟರು! ಎರಡೂವರೆ ಪಟ್ಟು ಸುತ್ತು ಹಾಕಿದ ಎಂಜಿನಿಯರನನ್ನು ದಡ್ಡನೆಂದು ಎಣಿಸಬೇಕಾಗಿಲ್ಲ. ಈ ಸುತ್ತಿನಲ್ಲಿಯೇ ಈ ದಾರಿಯ ಜೀವವಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ರೈಲುಗಾಡಿಯ ಗಾಲಿಯೂ ಉಕ್ಕು, ಕಂಬಿಯೂ ಉಕ್ಕು. ಉಕ್ಕಿನ ಮೇಲೆ ಉಕ್ಕು ಉರುಳುವಾಗ ತಡೆ ಅತ್ಯಲ್ಪ. ಸಮನೆಲದಲ್ಲಿ ಸಣ್ಣ ಎಂಜಿನ್ನು ಮಹಾಭಾರವನ್ನು ಎಳೆಯಬಲ್ಲುದು. ಆದರೆ ಇದೇ ಗುಣ ಏರಿನಲ್ಲಿ ದೋಷವಾಗುತ್ತದೆ. ಹಿಡಿತ ಸಾಲದೆ ಗಾಲಿ ನಿಂತಲ್ಲಿಯೇ ಸುತ್ತತೊಡಗುತ್ತದೆ. ಎತ್ತು ಏರುವ ದಿಣ್ಣೆಯನ್ನು ಎಂಜಿನ್ನು ಏರಲಾರದು. ಆದಕಾರಣ ರೈಲುಮಾರ್ಗವನ್ನು ಗುಡ್ಡದ ಮಗ್ಗುಲನ್ನು ತಬ್ಬಿಕೊಂಡು, ಕಣಿವೆಯ ಒಳಮಡಿಕೆಗಳಲ್ಲಿ ಹೊಕ್ಕು ಹೊರಬಂದು, ಬೇಕಾದಲ್ಲಿ ಸುರಂಗ ಕೊರೆದು, ಕಮಾನುಸೇತುವೆ ಕಟ್ಟಿ, ಅಂಗುಲ ಅಂಗುಲವಾಗಿ ಮೇಲೇರಿಸಬೇಕಾಗುತ್ತದೆ. ಪರೆಂತ್ಸಾನಾದಲ್ಲಿ ಅತಿ ಕಡಿದಾದ ಏರೆಂದರೆ ಸಾವಿರ ಮೀಟರು ಸಾಗುವಷ್ಟರಲ್ಲಿ 28 ಮೀಟರು ಎತ್ತರ. ಅಂದರೆ ನೂರಕ್ಕೆ ಮೂರು ಮೀಟರೂ ಇಲ್ಲ. ಗುಡ್ಡಗಾಡಿನ ಹಳ್ಳಿರಸ್ತೆಗಳಲ್ಲಿ ನೂರಕ್ಕೆ ಹತ್ತು ಮೀಟರಿನ ಏರು ಅಪರೂಪವಲ್ಲ.

ಸೈಕಲ್ಲಿನಲ್ಲಿ ಶಾಲೆಗೆ ಬರುವ ನಮ್ಮ ಮಕ್ಕಳಿಗೆ ಈ ಎರಡು ಅಂಕಿಗಳ ಅಂತರವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ಅವರ ಮೊಣಕಾಲಿಗೆ ಅದು ಗೊತ್ತು. ಹತ್ತರ ಏರಿನಲ್ಲಿ ಭಾರವನ್ನು ಮೇಲೆಳೆಯಲು ಬೇಕಾದ ಬಲ ಮೂರರ ಏರಿನಲ್ಲಿ ಬೇಕಾದುದಕ್ಕಿಂತ ಮೂರುಪಟ್ಟಿಗೂ ಹೆಚ್ಚು. ಗುಡ್ಡದ ನೆತ್ತಿಯನ್ನು ಮುಟ್ಟಲು ಮಾಡಬೇಕಾದ ಎತ್ತುವ ಕೆಲಸದ ಮೊತ್ತ ಎರಡೂ ದಾರಿಗಳಲ್ಲಿ ಒಂದೇ. ಆದರೆ ಒಂದರಲ್ಲಿ ಅದನ್ನು ಒಮ್ಮೆಲೇ ತೆರಬೇಕು, ಇನ್ನೊಂದರಲ್ಲಿ ಕಂತುಗಳಲ್ಲಿ ತೀರಿಸಬಹುದು. ಹೀಗಾಗಿ ಪೈಲ್ವಾನನಲ್ಲದವನೂ, ಅರವತ್ತು ದಾಟಿದವರೂ, ಹತ್ತು ವರ್ಷದ ಬಾಲಕಿಯೂ ಆ ಗುಡ್ಡಗಾಡನ್ನು ಸೈಕಲ್ಲಿನ ಮೇಲೆ ಕುಳಿತೇ ಹತ್ತಬಲ್ಲರು. ಉಗಿಯಂತ್ರದ ದೌರ್ಬಲ್ಯಕ್ಕೆ ಅಂದು ತೋರಿದ ಕರುಣೆ ಒಂದು ಶತಮಾನದ ಅನಂತರ ಮನುಷ್ಯನ ಕಾಲಿಗೆ ಒದಗಿತು. ಆ ಎಂಜಿನಿಯರರು ಸೈಕಲ್ಲಿನವರನ್ನು ಕನಸಿನಲ್ಲಿಯೂ ನೆನೆದಿರಲಾರರು.

ಆದರೆ ರೈಲಾಗಿ ಅದು ಸೋತಿತು. ಬಂಡಿಯ ವೇಗ ಹೆಚ್ಚೆಂದರೆ ಗಂಟೆಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ಈ ತುದಿಯಿಂದ ಆ ತುದಿಗೆ ಏಳು ಗಂಟೆಯಷ್ಟು ಹೊತ್ತು. ಏರಿನಲ್ಲಿ ಪ್ರಯಾಣಿಕರು ಕೆಳಗಿಳಿದು, ಪಕ್ಕದ ತೋಟದ ಹಣ್ಣು ಕಿತ್ತುಕೊಂಡು, ಮತ್ತೆ ಹತ್ತಿ ಕೂರುತ್ತಿದ್ದರೆಂದು ಆ ಸೀಮೆಯ ಜನ ಹೇಳುತ್ತಾರೆ. ಇಂತಹ ಕತೆ ಎಲ್ಲ ಕಿರುಬಂಡಿಗಳ ಮೇಲೂ ಉಂಟು. 1910ರ ಮಾರ್ಚ್ 31ರಂದು ಬೋರಾ ಎಂಬ ಬಿರುಗಾಳಿಯ ಹೊಡೆತಕ್ಕೆ ಮುಜ್ಜಾ ಎಂಬ ಊರಿನ ಸಮೀಪ ಬಂಡಿಯೇ ಉರುಳಿ ಮೂವರು ಸತ್ತರು. ಮೊದಲನೆಯ ಮಹಾಯುದ್ಧದ ತರುವಾಯ ನಾಡು ಇಟಲಿಯ ವಶವಾಯಿತು. ರಸ್ತೆಗಳು ಬಂದವು, ಮೋಟಾರು ಬಂದಿತು. 1935ರ ಆಗಸ್ಟ್ 31ರಂದು ಕೊನೆಯ ಬಂಡಿ ಓಡಿತು. ಅನಂತರ ಕಂಬಿಗಳನ್ನು ಕಿತ್ತರು. ಅದೇ ವರ್ಷದ ಅಕ್ಟೋಬರಿನಲ್ಲಿ ಇಟಲಿ ಅಬಿಸೀನಿಯಾದ ಮೇಲೆ ದಂಡೆತ್ತಿ ಹೋದುದರಿಂದ ಆ ಕಂಬಿಗಳನ್ನು ಹಡಗಿಗೇರಿಸಿ ಅಲ್ಲಿಗೆ ಕಳುಹಿಸಿದರೆಂದೂ, ಹಡಗು ನಡುಗಡಲಿನಲ್ಲಿ ಮುಳುಗಿತೆಂದೂ ಒಂದು ಪ್ರತೀತಿಯಿದೆ. ಕತೆ ನಿಜವೋ ಅಲ್ಲವೋ, ಕಂಬಿಯಂತೂ ಹೋಯಿತು. ದಾರಿ ಉಳಿಯಿತು.

ಉಳಿಯಿತೆಂದು ಸುಲಭವಾಗಿ ಬರೆದೆ. ಆದರೆ ಬಳಸದ ದಾರಿ ಬೇಗ ಸಾಯುತ್ತದೆ. ಪರೆಂತ್ಸಾನಾದ ಕೆಲವು ಭಾಗವನ್ನು ಸುತ್ತಲಿನ ರೈತರು ಗಾಡಿದಾರಿಯಾಗಿ ಬಳಸಿಕೊಂಡರು. ಕೆಲವು ಭಾಗ ರಸ್ತೆಯೊಳಗೆ ಸೇರಿಹೋಯಿತು. ಉಳಿದುದನ್ನು ಮುಳ್ಳುಗಿಡಗಳು ಮುಚ್ಚಿದವು. ಆದರೂ ಒಳನಾಡಿನಲ್ಲಿ ಸುರಂಗಗಳು ಕುಸಿಯದೆ, ಕಲ್ಲುಸೇತುವೆಗಳು ಬೀಳದೆ ಹಾಗೆಯೇ ನಿಂತಿದ್ದುವು. ಇಪ್ಪತ್ತೊಂದನೆಯ ಶತಮಾನ ಕಾಲಿಟ್ಟ ಮೇಲೆ ಮೊದಲು ಸ್ಲೊವೇನಿಯಾದ ಭಾಗವೂ, 2006ರ ಬಳಿಕ ಐರೋಪ್ಯ ಒಕ್ಕೂಟದ ಹಣದ ನೆರವಿನಿಂದ ಕ್ರೊಯೇಷಿಯಾದ ಭಾಗವೂ ಜೀರ್ಣೋದ್ಧಾರಗೊಂಡುವು. ಈಗ ಇಟಲಿಯಲ್ಲಿ 13, ಸ್ಲೊವೇನಿಯಾದಲ್ಲಿ 32, ಕ್ರೊಯೇಷಿಯಾದಲ್ಲಿ 78 ಕಿಲೋಮೀಟರು, ಹೀಗೆ ಮೂರು ದೇಶಗಳಲ್ಲಿ ಹಂಚಿಹೋಗಿರುವ ಒಂದೇ ದಾರಿ ಅದು. ಮೊದಲೆರಡು ದೇಶಗಳಲ್ಲಿ ಬಹುಪಾಲು ಡಾಂಬರು ಹಾಕಿದ್ದಾರೆ; ಗರಸುದಾರಿ ಎಂಬ ಹೆಸರಿಗೆ ತಕ್ಕುದು ಕ್ರೊಯೇಷಿಯಾದ ಭಾಗ.

ಗರಸು ಹಾಸುವುದೆಂದರೆ ಲಾರಿಯಿಂದ ಜಲ್ಲಿ ಸುರಿದು ಹೋಗುವುದಲ್ಲ. ರೈಲುಹಳಿಯ ಕೆಳಗೆ ಇರುವುದು ಮುಷ್ಟಿಗಾತ್ರದ, ಚೂಪು ಅಂಚಿನ ಕಲ್ಲು. ಅದು ಕಂಬಿಯ ಭಾರವನ್ನು ಹೊರಲು ಯೋಗ್ಯ, ಸೈಕಲ್ಲಿಗೆ ಶತ್ರು. ಅದರ ಮೇಲೆ ಸಣ್ಣ ಜಲ್ಲಿ, ಅದರ ಸಂದುಗಳನ್ನು ತುಂಬುವ ಕಲ್ಲುಪುಡಿ ಹರಡಿ, ನೀರು ಚಿಮುಕಿಸಿ, ಉರುಳುಗಲ್ಲಿನಿಂದ ಅದುಮಬೇಕು. ಹೊಳೆಯ ಗುಂಡುಗಲ್ಲು ಇದಕ್ಕೆ ಬಾರದು; ಒಡೆದ ಕಲ್ಲಿನ ಮೂಲೆಗಳು ಒಂದನ್ನೊಂದು ಕಚ್ಚಿ ಹಿಡಿದರೆ ಮಾತ್ರ ಮೇಲ್ಮೈ ಗಟ್ಟಿಯಾಗುತ್ತದೆ. ದಾರಿಯ ನಡು ತುಸು ಉಬ್ಬಿ, ಎರಡು ಅಂಚು ತುಸು ಇಳಿದಿರಬೇಕು. ಇಲ್ಲವಾದರೆ ಒಂದು ಮಳೆಗಾಲದಲ್ಲಿ ನೀರು ತನ್ನದೇ ಕಾಲುವೆಯನ್ನು ತೋಡಿಕೊಂಡು ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ. ಒಳನಾಡಿನ ಬೂದುಮಣ್ಣು ಒದ್ದೆಯಾದರೆ ಜಾರುವ ಸ್ವಭಾವದ್ದು. ರೈಲಿನ ಕಾಲದವರು ಕಟ್ಟಿದ್ದ ಮೋರಿಗಳು ಇಲ್ಲಿ ಇಂದಿಗೂ ಉಪಕಾರಕ್ಕೆ ಬರುತ್ತವೆ. ಸೈಕಲ್ಲಿನವನೂ ಸ್ವಲ್ಪ ಸಹಕರಿಸಬೇಕು: ಸಪೂರ ಟೈರು ಸಡಿಲ ಜಲ್ಲಿಯಲ್ಲಿ ಹೂತುಕೊಳ್ಳುತ್ತದೆ, ನಾಲ್ಕು ಸೆಂಟಿಮೀಟರಿನಷ್ಟು ಅಗಲದ ಟೈರಿಗೆ ಗಾಳಿಯನ್ನು ತುಸು ಕಡಿಮೆ ತುಂಬಿದರೆ ಅದು ಕಲ್ಲಿನ ಮೇಲೆ ಬಾಗಿ ಬಳುಕಿ ಹೋಗುತ್ತದೆ. ಸುರಂಗದೊಳಗೆ ಹೋಗುವವನ ಬಳಿ ದೀಪವಿರುವುದು ಲೇಸು; ಕೊರೆದ ಬಂಡೆಯಿಂದ ನೀರು ಜಿನುಗುವ ಸ್ಥಳಗಳುಂಟು. ಹೊಲಕ್ಕೆ ಹೋಗುವ ರೈತನ ಟ್ರಾಕ್ಟರು ಅಲ್ಲಲ್ಲಿ ಎದುರಾಗುತ್ತದೆ, ರಸ್ತೆಗಳು ಅಡ್ಡಹಾಯುವಲ್ಲಿ ನಿಂತು ನೋಡಿ ದಾಟಬೇಕಾಗುತ್ತದೆ. ಇಷ್ಟನ್ನು ಬಿಟ್ಟರೆ ಹಿಂದಿನಿಂದ ಬರುವ ವಾಹನದ ಭಯ ಅಲ್ಲಿಲ್ಲ. ಆ ಭಯವಿಲ್ಲದ ಸ್ಥಳದಲ್ಲಿ ಮಾತ್ರ ತಾಯಿತಂದೆಯರು ಮಕ್ಕಳನ್ನು ಮುಂದೆ ಬಿಟ್ಟು ಹಿಂದೆ ಬರಬಲ್ಲರು.

ಈ ದಾರಿಗೆ ಅವರಿಟ್ಟ ಉಪನಾಮವನ್ನು ನೋಡಿ ನನ್ನಂತಹ ಭಾಷಾವೃತ್ತಿಯವನಿಗೆ ವಿಶೇಷ ಸಂತೋಷವಾಯಿತು. 'ಆರೋಗ್ಯದ ಮತ್ತು ಸ್ನೇಹದ ಹಾದಿ' ಎಂದು ಅದರ ಅರ್ಥ. ಸ್ಲೊವೇನ್ ಭಾಷೆಯಲ್ಲಿ ಹಾದಿಗೆ 'ಪೊತ್' ಎಂದೂ, ಕ್ರೊಯೇಷಿಯನ್ ಭಾಷೆಯಲ್ಲಿ 'ಪುತ್' ಎಂದೂ ಹೇಳುತ್ತಾರೆ. ಇವು ಸಂಸ್ಕೃತದ 'ಪಥಿನ್', 'ಪಥ' ಶಬ್ದಗಳ ದೂರದ ಜ್ಞಾತಿಗಳು. ಗೆಳೆಯನಿಗೆ ಅವರು ಹೇಳುವ 'ಪ್ರಿಯಾತೆಲ್' ಎಂಬುದರಲ್ಲಿ ನಮ್ಮ 'ಪ್ರಿಯ' ಶಬ್ದದ ಧಾತುವೇ ಅಡಗಿದೆ. ಇಸ್ತ್ರಿಯಾದಲ್ಲಿ ಸ್ಲಾವ್ ಭಾಷೆಗಳೂ ಇಟಾಲಿಯನ್ ಭಾಷೆಯೂ ಶತಮಾನಗಳಿಂದ ಕೂಡಿ ಬಾಳಿರುವುದರಿಂದ ಪ್ರತಿಯೊಂದು ಊರಿಗೂ ಎರಡೆರಡು ಹೆಸರು. ಕೊಪರ್ ಎಂಬುದು ಕಾಪೊದಿಸ್ತ್ರಿಯಾ, ಮೊತೊವುನ್ ಎಂಬುದು ಮೊಂತೊನಾ, ಗ್ರೋಜ್‌ನ್ಯಾನ್ ಎಂಬುದು ಗ್ರಿಜಿನ್ಯಾನಾ. ನಡುವೆ ಹರಿಯುವ ನದಿಗೆ ಕ್ರೊಯೇಷಿಯನ್ನರು 'ಮಿರ್ನಾ' ಎಂದರೆ ಇಟಾಲಿಯನ್ನರು 'ಕ್ವಿಯೆತೊ' ಎನ್ನುತ್ತಾರೆ. ಎರಡಕ್ಕೂ ಅರ್ಥ ಒಂದೇ, ಶಾಂತವಾದುದು ಎಂದು. ಮನುಷ್ಯರು ಒಪ್ಪದ ಕಾಲದಲ್ಲಿಯೂ ನಿಘಂಟುಗಳು ಒಪ್ಪಿದ್ದುವು.

ಮನುಷ್ಯರು ಒಪ್ಪದ ಕಾಲವೊಂದಿತ್ತು ಎಂಬುದು ಇಲ್ಲಿನ ಹಳ್ಳಿಗಳನ್ನು ಕಂಡಾಗ ತಿಳಿಯುತ್ತದೆ. ಹಿಂದೆ ಶತ್ರುಗಳ ಮತ್ತು ಮಲೇರಿಯಾದ ಭಯದಿಂದ ಜನ ಕಣಿವೆಯನ್ನು ತೊರೆದು ಗುಡ್ಡದ ನೆತ್ತಿಯಲ್ಲಿ ಊರು ಕಟ್ಟಿಕೊಂಡರು. ರೈಲು ಆ ನೆತ್ತಿಗಳನ್ನೇರಲಾರದೆ ಕೆಳಗಿನಿಂದ ಬಳಸಿಕೊಂಡು ಹೋಯಿತು. ಎರಡನೆಯ ಮಹಾಯುದ್ಧ ಮುಗಿದು ಈ ಸೀಮೆಯ ಬಹುಭಾಗ ಯುಗೊಸ್ಲಾವಿಯಾಕ್ಕೆ ಸೇರಿದಾಗ ಇಟಾಲಿಯನ್ ಮಾತಾಡುವವರು, ಅವರೊಡನೆ ಇತರರೂ, ಹೆಚ್ಚಿನ ಸಂಖ್ಯೆಯಲ್ಲಿ ಮನೆಮಾರುಗಳನ್ನು ಬಿಟ್ಟು ಹೊರಟುಹೋದರು. 1945ರಿಂದ 1950ರ ದಶಕದ ನಡುವಿನವರೆಗೆ ಇದು ನಡೆಯಿತು. ಊರುಗಳು ಬರಿದಾದುವು. ಗ್ರೋಜ್‌ನ್ಯಾನ್‌ನ ಖಾಲಿ ಮನೆಗಳಿಗೆ 1965ರ ಸುಮಾರಿಗೆ ಚಿತ್ರಕಾರರೂ ಶಿಲ್ಪಿಗಳೂ ಬಂದು ನೆಲಸಿದ್ದರಿಂದ ಅದು ಕಲಾವಿದರ ಊರೆಂದು ಹೆಸರಾಯಿತು. ಬೇಸಗೆಯಲ್ಲಿ ಅಲ್ಲಿ ಸಂಗೀತಶಿಬಿರಗಳು ನಡೆಯುತ್ತವೆ. ಗ್ರೋಜ್‌ನ್ಯಾನ್ ಬಳಿಯಲ್ಲಿಯೇ ಪರೆಂತ್ಸಾನಾ ತನ್ನ ಅತ್ಯುನ್ನತ ಬಿಂದುವನ್ನು, ಅಂದರೆ ಸಮುದ್ರಮಟ್ಟದಿಂದ 293 ಮೀಟರಿನ ಎತ್ತರವನ್ನು ಮುಟ್ಟುತ್ತದೆ. ಅಲ್ಲಿಂದ ಮುಂದಿನ ಜಾವ್‌ರ್ಶ್ಯೆಗೆ ಆ ಭಾಗ್ಯ ಬರಲಿಲ್ಲ. ವಾಲಿದ ಗಂಟೆಗೋಪುರವೊಂದು ಅಲ್ಲಿದೆ, ಬಳ್ಳಿ ಹಬ್ಬಿದ ಗೋಡೆಗಳಿವೆ, ಮೇಲ್ಛಾವಣಿಯಿಲ್ಲದ ಮನೆಗಳಿವೆ, ವಾಸವಾಗಿರುವವರು ಬೆರಳೆಣಿಕೆಯ ಕುಟುಂಬಗಳು.

ಜಾವ್‌ರ್ಶ್ಯೆಯಿಂದ ಇಳಿಯುತ್ತ ಇಳಿಯುತ್ತ ದಾರಿ ಮಿರ್ನಾ ಕಣಿವೆಯ ತಳದಲ್ಲಿರುವ ಲಿವಾದೆಗೆ ಬರುತ್ತದೆ. ಈ ರೈಲಿನ ನೆನಪಿಗೆ ಮೀಸಲಾದ ಚಿಕ್ಕದೊಂದು ವಸ್ತುಸಂಗ್ರಹಾಲಯ ಇಲ್ಲಿದೆ. ಎದುರಿಗೆ ಮೊತೊವುನ್ ಕಾಡು. ವೆನಿಸ್ ಗಣರಾಜ್ಯ ತನ್ನ ಹಡಗುಗಳಿಗೆ ಬೇಕಾದ ಓಕ್ ಮರಕ್ಕಾಗಿ ಶತಮಾನಗಳ ಕಾಲ ಕಟ್ಟುನಿಟ್ಟಾಗಿ ಕಾಪಾಡಿದ ಕಾಡದು. ಆ ಮರಗಳ ಬೇರಿನ ಬಳಿ ನೆಲದೊಳಗೆ ಟ್ರಫಲ್ ಎಂಬ ಸುವಾಸನೆಯ ಅಣಬೆ ಬೆಳೆಯುತ್ತದೆ. ತರಬೇತಾದ ನಾಯಿಗಳು ಮೂಸಿ ಪತ್ತೆಹಚ್ಚುತ್ತವೆ. 1999ರಲ್ಲಿ ಇಸ್ತ್ರಿಯಾದಲ್ಲಿ ದೊರೆತ ಒಂದು ಬಿಳಿಯ ಟ್ರಫಲ್ 1.31 ಕಿಲೋಗ್ರಾಂ ತೂಗಿ ಜಗತ್ಪ್ರಸಿದ್ಧವಾಯಿತು. ಕಾಡಿನ ಮೇಲೆ 277 ಮೀಟರಿನ ಎತ್ತರದಲ್ಲಿ ಕೋಟೆಗೋಡೆ ತೊಟ್ಟು ನಿಂತಿರುವುದು ಮೊತೊವುನ್ ಪಟ್ಟಣ. ದಾರಿ ಮತ್ತೆ ಏರತೊಡಗಿ ಆ ಗುಡ್ಡದ ಒಡಲನ್ನು ಸುರಂಗದಲ್ಲಿ ಹಾಯುತ್ತದೆ. ಊರನ್ನು ನೋಡಬೇಕೆಂಬವನು ಸೈಕಲ್ಲಿನಿಂದ ಇಳಿದು ಹತ್ತಲೇಬೇಕು. ಕಣಿವೆಯಿಂದ ಕೋಟೆಗೆ ಹೋಗುವ ಮೆಟ್ಟಿಲುಗಳು ಸಾವಿರಕ್ಕೂ ಹೆಚ್ಚು.

ಹಾಗಾದರೆ ಈ ದಾರಿ ಆ ಹಳ್ಳಿಗಳನ್ನು ಬದುಕಿಸಿತೆ? ಪ್ರವಾಸದ ಹೊತ್ತಗೆಗಳು ಹೌದೆನ್ನುತ್ತವೆ. ನನಗೆ ಅಷ್ಟು ಸಲೀಸಾಗಿ ಒಪ್ಪಿಗೆಯಾಗದು. ಸೈಕಲ್ಲಿನವನು ಕಾರಿನವನಂತಲ್ಲ, ಅವನಿಗೆ ಪ್ರತಿ ಮೂವತ್ತು ನಲವತ್ತು ಕಿಲೋಮೀಟರಿಗೆ ಅನ್ನ ಬೇಕು, ನೀರು ಬೇಕು, ಸಂಜೆಗೆ ಹಾಸಿಗೆ ಬೇಕು. ಆದಕಾರಣ ಕಾರು ನಿಲ್ಲದ ಊರಿನಲ್ಲಿ ಅವನು ನಿಲ್ಲುತ್ತಾನೆ. ಕಡಲಂಚಿಗೆ ಮಾತ್ರ ಹೋಗುತ್ತಿದ್ದ ಹಣದಲ್ಲಿ ಒಂದಂಶ ಒಳನಾಡಿಗೂ ಬರುತ್ತದೆ. ಮುದುಕಿಯೊಬ್ಬಳು ತೋಟದ ಎಣ್ಣೆಯನ್ನೂ ಜೇನನ್ನೂ ಮನೆಬಾಗಿಲಲ್ಲಿಯೇ ಮಾರಬಲ್ಲಳು. ಇದು ಸಣ್ಣ ಲಾಭವಲ್ಲ. ಆದರೆ ಅತಿಥಿ ಬೇರೆ, ಒಕ್ಕಲು ಬೇರೆ. ಅತಿಥಿಗಳು ಬೇಸಗೆಯಲ್ಲಿ ಬಂದು ಚಳಿಗಾಲಕ್ಕೆ ಮುಂಚೆ ಹೊರಟುಹೋಗುತ್ತಾರೆ. ಚಳಿಗಾಲದಲ್ಲಿ ಬೆಳಕು ಹಚ್ಚುವವರು, ಶಾಲೆಗೆ ಮಕ್ಕಳನ್ನು ಕಳುಹಿಸುವವರು ಇದ್ದರೆ ಮಾತ್ರ ಅದು ಊರು. ಜಾವ್‌ರ್ಶ್ಯೆಯ ಕುಸಿದ ಮನೆಗಳಿಗೆ ಆ ಒಕ್ಕಲು ಹಿಂದಿರುಗಿಲ್ಲ. ದಾರಿ ಮಾಡಿರುವ ಉಪಕಾರ ಮತ್ತೊಂದು ಬಗೆಯದು: ಬಿಟ್ಟುಹೋದವರ ಮಕ್ಕಳು, ಉಳಿದವರ ಮಕ್ಕಳು, ಯಾವ ಸಂಬಂಧವೂ ಇಲ್ಲದ ಪರದೇಶಿಯರು ಮೂವರೂ ಈಗ ಅಲ್ಲಿ ಒಂದೇ ಕಟ್ಟೆಯ ಮೇಲೆ ಕುಳಿತು ನೀರು ಕುಡಿಯಬಹುದು. 1902ರಲ್ಲಿ ಒಂದೇ ಸಾಮ್ರಾಜ್ಯದೊಳಗೆ ಹಾಕಿದ ಮಾರ್ಗವನ್ನು ಆಮೇಲಿನ ಗಡಿರೇಖೆಗಳು ಕತ್ತರಿಸಿದುವು. 2023ರ ಜನವರಿ 1ರಂದು ಕ್ರೊಯೇಷಿಯಾ ಕೂಡ ಷೆಂಗೆನ್ ಒಪ್ಪಂದದ ವಲಯವನ್ನು ಸೇರಿದುದರಿಂದ ಮೂರು ದೇಶಗಳೂ ಒಂದೇ ಸಂಚಾರವಲಯದೊಳಗೆ ಬಂದಿವೆ.

ಮೊತೊವುನ್ ದಾಟಿದ ಮೇಲೆ ಅಂತೋನ್ಸಿ ಎಂಬಲ್ಲಿ ಕಮಾನುಸೇತುವೆಯೊಂದು ಕಣಿವೆಯ ಮೇಲೆ ಬಾಗಿಕೊಂಡು ನಿಂತಿದೆ. ವಿಜಿನಾದಾದ ಬಳಿಕ ಗುಡ್ಡಗಳು ತಗ್ಗುತ್ತವೆ, ಮಣ್ಣು ಮತ್ತೆ ಕೆಂಪಾಗುತ್ತದೆ. ಬಿಸಿಲು ತೀವ್ರವಾದ ಜುಲೈ, ಆಗಸ್ಟ್ ತಿಂಗಳುಗಳಿಗಿಂತ ಏಪ್ರಿಲ್, ಮೇ ತಿಂಗಳುಗಳೂ ದ್ರಾಕ್ಷಿ ಕೊಯ್ಲಿನ ಸೆಪ್ಟೆಂಬರೂ ಈ ಭಾಗಕ್ಕೆ ಹಿತ. ಪೊರೆಚ್ ಸಮೀಪಿಸಿದಂತೆ ಹಳೆಯ ರೈಲಿನ ಜಾಡು ಅಲ್ಲಲ್ಲಿ ಕಡಿದುಹೋಗಿದೆ. ತೋಟಗಳೂ ಹೊಸ ಕಟ್ಟಡಗಳೂ ಅದನ್ನು ನುಂಗಿವೆ. ಅಲ್ಲಿ ಸೈಕಲ್ಲಿನವರು ಫಲಕಗಳನ್ನು ನೋಡಿಕೊಂಡು ಊರರಸ್ತೆಗಳಲ್ಲಿ, ಕಾರುಗಳ ನಡುವೆಯೇ, ಬಂದರಿನ ಕಡೆಗೆ ಹೋಗಬೇಕಾಗುತ್ತದೆ. ಒಳನಾಡಿನ ಬಡ ಗುಡ್ಡಗಳಲ್ಲಿ ಯಾರಿಗೂ ಬೇಡವಾದ್ದರಿಂದ ಉಳಿದುಕೊಂಡ ನೆಲ ಇಲ್ಲಿ ಎಲ್ಲರಿಗೂ ಬೇಕಾದ್ದರಿಂದ ಉಳಿಯಲಿಲ್ಲ. ದಾರಿಯ ಕೊನೆಯಲ್ಲಿ, ಆರನೆಯ ಶತಮಾನದ ಚಿನ್ನದ ಹರಳುಚಿತ್ರಗಳಿಗೆ ಹೆಸರಾದ ಯೂಫ್ರೇಸಿಯಸ್ ಬಸಿಲಿಕವಿದೆ; ಅದರಾಚೆ ಕಡಲು.